ಬೇಲಿಯೇ ಎದ್ದು ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ವಾಚಕರಿಗೆ ತಿಳಿದದ್ದೇ. ನಮ್ಮ ದೇಹದಲ್ಲಿಯೂ ಹೀಗಾಗುವುದುಂಟು. ರೋಗಾಣುಗಳನ್ನು ತಡೆಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ, ಚರ್ಮದ ಜೀವಕೋಶಗಳನ್ನೂ ಪದರಗಳನ್ನೂ ಹಿಡಿದಿರುವ ಬೆಸುಗೆಯನ್ನು ಬಿಡಿಸುತ್ತದೆ. ಆಗ ಮೈಮೇಲೆ ನೀರುಗುಳ್ಳೆಗಳೇಳುತ್ತವೆ; ಕೆಲವರಿಗೆ ಬಾಯೆಲ್ಲ ಹುಣ್ಣಾಗುತ್ತದೆ. ಪೆಂಫಿಗಸ್, ಪೆಂಫಿಗಾಯ್ಡ್ ಎಂಬ ಬೇನೆಗಳು ಈ ಬಗೆಯವು.

ಕ್ಯಾನ್ಸರ್ ರೋಗಿಗಳಿಗೆ ಇವು ಎರಡು ದಾರಿಗಳಿಂದ ಬರಬಹುದು. ಒಂದು, ಲಿಂಫೋಮಾದಂಥ ಕ್ಯಾನ್ಸರೇ ಕಾರಣವಾಗಿ. ಅಮೆರಿಕದ ಡಾ. ಗ್ರಾಂಟ್ ಅನ್ಹಾಲ್ಟ್ ಮತ್ತು ಸಂಗಡಿಗರು ೧೯೯೦ರಲ್ಲಿ ಇದನ್ನು ಪ್ರತ್ಯೇಕ ಬೇನೆಯೆಂದು ವಿವರಿಸಿದರು. ಇದರಲ್ಲಿ ಬಾಯಿಹುಣ್ಣು ಅತಿ ಉಗ್ರ, ಶ್ವಾಸಕೋಶಕ್ಕೂ ಅಪಾಯವುಂಟು. ಇನ್ನೊಂದು, ೨೦೧೪ರಿಂದ ಬಳಕೆಗೆ ಬಂದ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಮೊದಲಾದ ಚುಚ್ಚುಮದ್ದುಗಳಿಂದ. ಇವು ಕ್ಯಾನ್ಸರಿನ ಮೇಲೆ ಬೀಳಲೆಂದು ರಕ್ಷಣಾಶಕ್ತಿಯ ಕಡಿವಾಣ ಸಡಿಲಿಸುತ್ತವೆ. ಅಪರೂಪಕ್ಕೆ ಅದು ಚರ್ಮದ ಮೇಲೂ ಬೀಳುತ್ತದೆ. ಮದ್ದು ನಿಲ್ಲಿಸಿ ತಿಂಗಳುಗಳಾದ ಮೇಲೂ ಗುಳ್ಳೆ ಕಾಣಿಸಬಹುದು.

ವೈದ್ಯರ ಇಕ್ಕಟ್ಟು ಇಲ್ಲಿಯೇ. ಸ್ಟಿರಾಯಿಡ್ ಕೊಟ್ಟರೆ ಗುಳ್ಳೆ ಅಡಗುತ್ತದೆ, ಆದರೆ ಮೊದಲೇ ಬಳಲಿದ ದೇಹಕ್ಕೆ ಸೋಂಕಿನ ಭಯ ಹೆಚ್ಚುತ್ತದೆ. ಆದ್ದರಿಂದ ಪೆಂಫಿಗಾಯ್ಡ್ ಅಲ್ಪವಾಗಿದ್ದರೆ ಪ್ರಬಲ ಸ್ಟಿರಾಯಿಡ್ ಮುಲಾಮು, ಡಾಕ್ಸಿಸೈಕ್ಲಿನ್ ಗುಳಿಗೆಗಳಿಂದ ಆರಂಭಿಸುವುದುಂಟು. ಹೆಚ್ಚಾದರೆ ಸ್ಟಿರಾಯಿಡ್ ಗುಳಿಗೆ ಕೊಟ್ಟು, ಕ್ಯಾನ್ಸರ್ ಮದ್ದನ್ನು ಕೆಲಕಾಲ ತಡೆಹಿಡಿಯಬೇಕಾದೀತು. ಇನ್ನು ರಿಟುಕ್ಸಿಮಾಬ್ ಎಂಬುದು ೧೯೯೭ರಲ್ಲಿ ಅಮೆರಿಕದಲ್ಲಿ ಲಿಂಫೋಮಾಕ್ಕೆ ಮಂಜೂರಾದ ಮದ್ದು. ೨೦೧೮ರಲ್ಲಿ ಪೆಂಫಿಗಸ್ಸಿಗೂ ಮಂಜೂರಾಯಿತು. ಕ್ಯಾನ್ಸರೇ ಮೂಲವಾದಲ್ಲಿ ಅದರ ಚಿಕಿತ್ಸೆಯೂ ಜೊತೆಗೇ ನಡೆಯತಕ್ಕದ್ದು.

ಮನೆಯವರು ಅರಿಯಬೇಕಾದುದಿಷ್ಟು. ಇದು ಅಂಟುರೋಗವಲ್ಲ, ರೋಗಿಯ ತಟ್ಟೆ ಲೋಟ ಬೇರೆಯಿಡಬೇಕಾಗಿಲ್ಲ. ಆದರೆ ಗುಳ್ಳೆಗಳೆಲ್ಲ ಒಂದೇ ಅಲ್ಲ. ಸರ್ಪಸುತ್ತೆಂದು ನಾವೇ ತೀರ್ಮಾನಿಸಿ ಕಾಲ ಕಳೆಯದೆ ಚರ್ಮವೈದ್ಯರಿಗೆ ತೋರಿಸಬೇಕು. ಚರ್ಮದ ಚೂರನ್ನು ಪರೀಕ್ಷಿಸಿ ಅವರು ನಿಶ್ಚಯಿಸುತ್ತಾರೆ. ಗುಳ್ಳೆಯ ಸಿಪ್ಪೆ ಕೀಳಕೂಡದು. ಬಾಯಿ ಹುಣ್ಣಾದವರಿಗೆ ಖಾರ ಬಿಟ್ಟು ತಣ್ಣನೆಯ ಗಂಜಿ, ಮೆತ್ತನೆಯ ಅನ್ನ ಹಿತ. ಸ್ಟಿರಾಯಿಡ್ ಗುಳಿಗೆಯನ್ನು ತಾವಾಗಿ ಥಟ್ಟನೆ ನಿಲ್ಲಿಸುವುದಂತೂ ಅಪಾಯಕರ.

ಎಲ್ಲಕ್ಕೂ ಮಿಗಿಲಾದದ್ದು, ಕ್ಯಾನ್ಸರ್ ವೈದ್ಯರೂ ಚರ್ಮವೈದ್ಯರೂ ಪರಸ್ಪರ ತಿಳಿದು ನಡೆಯುವುದು. ಒಂದು ಮೇಜಿನ ಕಡತ ಇನ್ನೊಂದು ಮೇಜಿಗೆ ಹೋಗದಿದ್ದರೆ ಕೆಲಸ ಹೇಗೆ ಕೆಡುವುದೆಂದು ಗುಮಾಸ್ತನಾದ ನಾನು ಬಲ್ಲೆ. ಊರಿನಿಂದ ಚಿಕಿತ್ಸೆಗೆಂದು ನಮ್ಮ ಮನೆಗಳಿಗೆ ಬರುವ ಹಿರಿಯರ ಚೀಟಿಗಳು ಊರಲ್ಲಿ ಕೆಲವು, ಇಲ್ಲಿ ಕೆಲವು. ಅವನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿ, ನಿಂತುಹೋದ ಚುಚ್ಚುಮದ್ದಿನ ಹೆಸರನ್ನೂ, ಮಧುಮೇಹದ ಗುಳಿಗೆಯ ಹೆಸರನ್ನೂ ತಾರೀಖು ಸಹಿತ ಬರೆದು ಇಬ್ಬರು ವೈದ್ಯರ ಮುಂದೆಯೂ ಇಡಿರಿ. ಮದ್ದು ಆರಿಸುವುದು ಅವರ ಕೆಲಸ. ಈ ಕಟ್ಟು ಕಟ್ಟುವುದು ನಮ್ಮದು.