ಆಪರೇಷನ್ ಆಯಿತು, ಆರೈಕೆಗೆ ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಯೊಂದರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರೆನ್ನಿ. ಆಪರೇಷನ್ನಿಗೆ ಹಣ ಹೇಗೋ ಒದಗುತ್ತದೆ. ನಿಜವಾದ ಕಷ್ಟ ಶುರುವಾಗುವುದು ಮನೆಗೆ ಕರೆತಂದ ಮೇಲೆ. ಮಕ್ಕಳು ಬೆಂಗಳೂರಿನಲ್ಲಿ, ಎಬ್ಬಿಸಿ ಕೂರಿಸಲು, ಸ್ನಾನ ಮಾಡಿಸಲು ಆಳು ಬೇಕು. ಅಟ್ಟದ ಮೇಲಿನ ಕೊಬ್ಬರಿ ಮಾರಿದ ಹಣ ಇದಕ್ಕೇ ಸವೆಯುತ್ತದೆ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ವಿಮೆಯನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಅದರಲ್ಲಿ ಸೇರುತ್ತದೆ. ಬಿಡುಗಡೆಯಾದ ಮೇಲೆ 15 ದಿನಗಳ ಔಷಧ, ಪರೀಕ್ಷೆಗಳೂ ಸೇರುತ್ತವೆ. ತಿಂಗಳುಗಟ್ಟಲೆ ನಡೆಯುವ ಮನೆಯ ಆರೈಕೆ ಮಾತ್ರ ಸೇರುವುದಿಲ್ಲ.

ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಈ ಆರೈಕೆಗೆಂದೇ ಬೇರೆ ವಿಮೆ ತಂದವು. ಜಪಾನಿನಲ್ಲಿ 40 ವರ್ಷ ತುಂಬಿದವರು ಕಂತು ಕಟ್ಟುತ್ತಾರೆ. ಮುಪ್ಪಿನಲ್ಲಿ ಕೈಲಾಗದಾಗ ಸಹಾಯಕರು ಮನೆಗೇ ಬರುತ್ತಾರೆ. ಹೆಚ್ಚಿನವರು ಆ ಖರ್ಚಿನ ಹತ್ತನೇ ಒಂದು ಭಾಗ ಕೊಟ್ಟರೆ ಸಾಕು. ನಮ್ಮಲ್ಲಿ ಅಂಥ ಸರ್ಕಾರಿ ವಿಮೆ ಇಲ್ಲ.

ಆದ್ದರಿಂದ ಕುಟುಂಬದವರೇ ಮುಂಚಿತವಾಗಿ ಯೋಚಿಸಬೇಕು. ಯಾವ ಸೌಲಭ್ಯ ಸಿಗುತ್ತದೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬಿಡುಗಡೆಗೆ ಮೊದಲೇ ಎಂದಿನಿಂದ ನಡೆಸಬೇಕು, ಯಾವ ವ್ಯಾಯಾಮ ಮಾಡಿಸಬೇಕು ಎಂದು ವೈದ್ಯರಿಂದ ತಿಳಿದುಕೊಳ್ಳಿ. ಬೇಗ ನಡೆದಾಡಿದಷ್ಟೂ ಪರಾವಲಂಬನೆ ಕಡಿಮೆ. ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿದರೆ ಹಾಸಿಗೆ ಹುಣ್ಣು ತಡೆಯಬಹುದು. ಬಚ್ಚಲಿಗೆ ಹಿಡಿಕೆ ಹಾಕಿಸಿ.

ಎಲ್ಲ ಹೊರೆಯನ್ನೂ ಸೊಸೆಯೊಬ್ಬಳ ಮೇಲೆ ಹೊರಿಸಬೇಡಿ. ದೂರದ ಊರಿನಲ್ಲಿರುವ ಮಕ್ಕಳೂ ಖರ್ಚಿನಲ್ಲಿ, ಸರದಿಯಲ್ಲಿ ಪಾಲು ತೆಗೆದುಕೊಳ್ಳಲಿ. ಆರೈಕೆ ಮಾಡುವವರು ಹಾಸಿಗೆ ಹಿಡಿದರೆ ಅಜ್ಜಿಗೆ ಗತಿ ಯಾರು?