ಒಂದು ಫ್ರೇಮೂ ಕಳೆಯದಂತೆ

ಗುರುಗ್ರಹವು ಭೂಮಿಗೆ ಅತಿ ಸಮೀಪಕ್ಕೆ ಬಂದ ಕಾಲದಲ್ಲಿಯೂ ಅದರ ಬಿಂಬದ ವ್ಯಾಸವು, ಒಂದು ಅಂಶವನ್ನು 3,600 ಪಾಲು ಮಾಡಿದರೆ ದೊರೆಯುವ ವಿಕಲೆಯೆಂಬ ಅಳತೆಯಲ್ಲಿ, ಸುಮಾರು 50ರಷ್ಟು ಮಾತ್ರ. ಎಂದರೆ ಹುಣ್ಣಿಮೆಯ ಚಂದ್ರನ ಅಗಲದಲ್ಲಿ ಹೆಚ್ಚುಕಡಮೆ ಮೂವತ್ತಾರನೆಯ ಒಂದು ಪಾಲು. ಇಷ್ಟು ಕಿರಿದಾದ ಬಿಂಬದೊಳಗೆ ಮೇಘಪಟ್ಟಿಗಳನ್ನೂ, ಆ ಪಟ್ಟಿಗಳ ಅಂಚಿನ ಸುಳಿಗಳನ್ನೂ, ಶತಮಾನಕ್ಕೂ ಮಿಕ್ಕಿ ಬೀಸುತ್ತಿರುವ ಬಿರುಗಾಳಿಯಾದ ಮಹಾ ಕೆಂಪು ಕಲೆಯನ್ನೂ ಚಿತ್ರಿಸಬೇಕೆಂದು ಮನೆಯ ತಾರಸಿಯ ಮೇಲೆ ದೂರದರ್ಶಕವನ್ನು ನಿಲ್ಲಿಸುವ ಹವ್ಯಾಸಿಗೆ ಮೊದಲು ಎದುರಾಗುವ ವಿಘ್ನವೆಂದರೆ ಅವನ ತಲೆಯ ಮೇಲೆಯೇ ಕಲಕುತ್ತಿರುವ ಗಾಳಿ. 1704ರಲ್ಲಿ ಪ್ರಕಟವಾದ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್ ಮಹಾಶಯನು ಈ ಕಂಪನವನ್ನು ವಿವರಿಸಿ, ಪ್ರಶಾಂತವಾದ ಗಾಳಿಯುಳ್ಳ ಪರ್ವತಶಿಖರಗಳನ್ನು ಆಶ್ರಯಿಸುವುದೇ ಇದಕ್ಕಿರುವ ಪರಿಹಾರವೆಂದು ಅಭಿಪ್ರಾಯಪಟ್ಟಿದ್ದನು.

ಪರ್ವತವನ್ನೇರಲಾರದವರಿಗೂ ಒಂದು ಮಾರ್ಗವುಂಟೆಂಬುದನ್ನು ಗಣಿತಮುಖವಾಗಿ ತೋರಿಸಿಕೊಟ್ಟವನು ಅಮೆರಿಕದ ಡೇವಿಡ್ ಫ್ರೈಡ್. ಗಾಳಿಯ ಕಲಕಾಟವು ಕ್ಷಣಕ್ಷಣಕ್ಕೂ ಬೇರೆಯಾಗುವುದರಿಂದ, ಅತ್ಯಲ್ಪಕಾಲದ ಚಿತ್ರಗಳನ್ನು ಸಹಸ್ರಾರು ಸಂಖ್ಯೆಯಲ್ಲಿ ತೆಗೆದರೆ ಅವುಗಳಲ್ಲಿ ಕೆಲವಾದರೂ ಗಾಳಿ ತಿಳಿಯಾಗಿದ್ದ ಕ್ಷಣದಲ್ಲಿ ಬಿದ್ದಿರಲೇಬೇಕು. ಆದರೆ ದೂರದರ್ಶಕದ ದರ್ಪಣವು ದೊಡ್ಡದಾದಷ್ಟೂ ಈ ಅದೃಷ್ಟದ ಸಂಭವವು ಅತಿಶೀಘ್ರವಾಗಿ ಕುಗ್ಗುತ್ತದೆ ಎಂಬುದು 1978ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಸಾರ. ಹವ್ಯಾಸಿಗಳ ಎಂಟರಿಂದ ಹದಿನಾಲ್ಕು ಅಂಗುಲದ ದೂರದರ್ಶಕಗಳು ಈ ಲೆಕ್ಕಕ್ಕೆ ಅನುಕೂಲವಾದ ಗಾತ್ರದಲ್ಲಿಯೇ ಇರುವುದು ಅವರ ಪುಣ್ಯ. ಆದಕಾರಣ ಇಂದು ಗ್ರಹಗಳ ಚಿತ್ರವನ್ನು ಯಾರೂ ಒಂದೇ ಸಲಕ್ಕೆ ತೆಗೆಯುವುದಿಲ್ಲ. ವೀಡಿಯೊ ತೆಗೆದು, ಅದರಿಂದ ಉತ್ತಮವಾದ ಫ್ರೇಮುಗಳನ್ನು ಆಯ್ದು, ಒಂದರ ಮೇಲೊಂದನ್ನು ಪೇರಿಸಿ, ಸರಾಸರಿಯನ್ನು ಹರಿತಗೊಳಿಸುತ್ತಾರೆ.

ಇಪ್ಪತ್ತೊಂದನೆಯ ಶತಮಾನದ ಆದಿಭಾಗದಲ್ಲಿ ಈ ಕಾರ್ಯಕ್ಕೆ ಒದಗಿದ್ದು ಫಿಲಿಪ್ಸ್ ಟೂಕ್ಯಾಮ್‌ನಂತಹ ಸಾಮಾನ್ಯ ವೆಬ್‌ಕ್ಯಾಮ್. ಅದರ ದತ್ತಾಂಶವು ಹರಿಯಬೇಕಾಗಿದ್ದ ಹಳೆಯ ಯುಎಸ್‌ಬಿ ಮಾರ್ಗವು ಸೆಕೆಂಡಿಗೆ 12 ಮೆಗಾಬಿಟ್‌ಗಳನ್ನಷ್ಟೇ ಸಾಗಿಸಬಲ್ಲದ್ದಾಗಿತ್ತಾದುದರಿಂದ, ವೇಗವನ್ನು ಏರಿಸಿದಂತೆಲ್ಲಾ ಕ್ಯಾಮೆರಾ ಚಿತ್ರವನ್ನು ಹಿಂಡಿ ಕಿರಿದುಮಾಡುತ್ತಿತ್ತು. ಸೂಕ್ಷ್ಮವಿವರಗಳು ಹಾಗೆ ಹಿಂಡಿದಾಗಲೇ ನಾಶವಾಗುತ್ತಿದ್ದವು. 2002ರ ಸುಮಾರಿಗೆ ನೆದರ್‌ಲೆಂಡ್ಸಿನ ಕಾರ್ ಬೆರೆವೂಟ್ಸ್ ರಚಿಸಿದ ರೆಜಿಸ್ಟ್ಯಾಕ್ಸ್ ತಂತ್ರಾಂಶವು ಆಯ್ದು ಪೇರಿಸುವ ಕೆಲಸವನ್ನು ಎಲ್ಲರ ಕೈಗೆಟಕಿಸಿತು. ಅನಂತರ ಒಳ್ಳೆಯ ಕ್ಯಾಮೆರಾಗಳು ಬಂದಾಗ, ಅವುಗಳಿಂದ ಚಿತ್ರವನ್ನು ಹಿಡಿದುಕೊಳ್ಳುವ ತಂತ್ರಾಂಶಗಳನ್ನು ಬರೆದವರಲ್ಲಿ ಮುಖ್ಯರು ಜರ್ಮನಿಯ ಟಾರ್ಸ್ಟನ್ ಎಡೆಲ್‌ಮನ್ ಮತ್ತು ಇಂಗ್ಲೆಂಡಿನ ರಾಬಿನ್ ಗ್ಲೋವರ್. ಫೈರ್‌ಕ್ಯಾಪ್ಚರ್ ಮೊದಲನೆಯವರದು, ಶಾರ್ಪ್‌ಕ್ಯಾಪ್ ಎರಡನೆಯವರದು.

ಹಿಡಿಯುವ ತಂತ್ರಾಂಶದ ಕಷ್ಟವೇನೆಂಬುದು ಒಂದು ಸಣ್ಣ ಗುಣಾಕಾರದಿಂದ ತಿಳಿಯುತ್ತದೆ. 640 ಅಡ್ಡ, 480 ಉದ್ದದ ಕಪ್ಪುಬಿಳುಪು ಫ್ರೇಮಿನಲ್ಲಿ, ಬಿಂದುವಿಗೊಂದು ಬೈಟಿನಂತೆ, 3,07,200 ಬೈಟುಗಳಿವೆ. ಸೆಕೆಂಡಿಗೆ ನೂರು ಫ್ರೇಮುಗಳಾದರೆ ಮೂರು ಕೋಟಿ ಬೈಟುಗಳಿಗೂ ಮೇಲೆ. ಎರಡು ನಿಮಿಷಕ್ಕೆ 12,000 ಫ್ರೇಮು, ಸುಮಾರು 3.7 ಗಿಗಾಬೈಟು. ಕ್ಯಾಮೆರಾ ಈ ಪ್ರವಾಹವನ್ನು ಸಮಗತಿಯಲ್ಲಿ ಸುರಿಸುತ್ತಲೇ ಇರುತ್ತದೆ. ಡಿಸ್ಕ್ ಆದರೋ ಸಮಗತಿಯಲ್ಲಿ ಬರೆಯುವುದಿಲ್ಲ. ವೈರಸ್ ತಡೆಯುವ ತಂತ್ರಾಂಶವು ಹೊಸ ಫೈಲನ್ನು ಪರೀಕ್ಷಿಸಲು ಕೈಹಾಕಿದರೆ, ಅಥವಾ ವಿಂಡೋಸ್ ತನ್ನ ಯಾವುದೋ ಗೃಹಕೃತ್ಯಕ್ಕೆ ತೊಡಗಿದರೆ, ಬರವಣಿಗೆ ಅರೆಕ್ಷಣ ನಿಲ್ಲುತ್ತದೆ. ಆ ಅರೆಕ್ಷಣದಲ್ಲಿ ಬಂದ ಐವತ್ತು ಫ್ರೇಮುಗಳನ್ನು ಇರಿಸುವುದೆಲ್ಲಿ? ಅದಕ್ಕಾಗಿಯೇ ತಂತ್ರಾಂಶವನ್ನು ಬರೆಯುವವನು ಮೆಮೊರಿಯಲ್ಲಿ ಬಫರ್ ಎಂಬ ಒಂದು ವಿಶಾಲವಾದ ತಾತ್ಕಾಲಿಕ ಉಗ್ರಾಣವನ್ನು ಕಟ್ಟುತ್ತಾನೆ. ಥ್ರೆಡ್ಡುಗಳೆಂಬ, ಏಕಕಾಲದಲ್ಲಿ ನಡೆಯುವ ಕೆಲಸದ ಎಳೆಗಳಲ್ಲಿ, ಕ್ಯಾಮೆರಾದಿಂದ ಪಡೆಯುವ ಥ್ರೆಡ್ಡು ಅದಕ್ಕೆ ತುಂಬುತ್ತದೆ, ಡಿಸ್ಕಿಗೆ ಬರೆಯುವ ಥ್ರೆಡ್ಡು ಅದರಿಂದ ತೆಗೆಯುತ್ತದೆ, ಪರದೆಯ ಮೇಲೆ ತೋರಿಸುವ ಥ್ರೆಡ್ಡು ಇವೆರಡಕ್ಕೂ ಅಡ್ಡಬಾರದೆ ಬಿಡುವಾದಾಗ ಒಂದು ಫ್ರೇಮನ್ನು ನಕಲು ಮಾಡಿಕೊಳ್ಳುತ್ತದೆ. ನೋಡುವ ಕಣ್ಣಿಗೆ ಸೆಕೆಂಡಿಗೆ ಹತ್ತು ಹದಿನೈದು ಚಿತ್ರಗಳೇ ಸಾಕು. ಇನ್ನು ಗ್ರಹವು ನಡುವಿನ ಅಲ್ಪಸ್ಥಳವನ್ನಷ್ಟೇ ಆಕ್ರಮಿಸುವುದರಿಂದ, ಸೆನ್ಸರಿನ ಆ ಭಾಗವನ್ನು ಮಾತ್ರ ಓದಿಕೊಳ್ಳುವಂತೆ ಕ್ಯಾಮೆರಾಕ್ಕೆ ಆಜ್ಞಾಪಿಸಿದರೆ, ಪ್ರವಾಹ ತಗ್ಗಿ ವೇಗ ಹೆಚ್ಚುತ್ತದೆ. ಹೀಗೆ ಆಯ್ದ ಭಾಗಕ್ಕೆ ಬಳಕೆಯಲ್ಲಿ ಆರ್‌ಓಐ ಎನ್ನುತ್ತಾರೆ. ಬಣ್ಣದ ಕ್ಯಾಮೆರಾ ಆಗಿದ್ದರೆ, ಅದರ ಕಚ್ಚಾ ದತ್ತಾಂಶವನ್ನು ಹಾಗೆಯೇ ಬರೆದಿಟ್ಟು ಬಣ್ಣ ಕಟ್ಟುವ ಲೆಕ್ಕವನ್ನು ಮರುದಿನಕ್ಕೆ ಬಿಟ್ಟರೆ, ಫೈಲು ಮೂರರಲ್ಲಿ ಒಂದು ಪಾಲಾಗುತ್ತದೆ.

ಈ ಕೊನೆಯ ಉಪಾಯದಲ್ಲಿಯೇ ಇಂತಹ ತಂತ್ರಾಂಶದ ಧರ್ಮವೆಲ್ಲಾ ಅಡಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೈರನ್ನು ಕಣಕ್ಕೆ ಹೊತ್ತುತರುವವನು ದಾರಿಯಲ್ಲಿಯೇ ತೂರಲು ನಿಲ್ಲುವುದಿಲ್ಲ; ಅಂತೆಯೇ, ನಾಳೆ ಮಾಡಬಹುದಾದುದನ್ನು ಇಂದು ರಾತ್ರಿ ಮಾಡತಕ್ಕದ್ದಲ್ಲ, ಇಂದು ರಾತ್ರಿ ಕಳೆದರೆ ಮತ್ತೆ ದೊರೆಯಲಾರದುದನ್ನು ಮಾತ್ರ ಪ್ರಾಣದಂತೆ ಕಾಯತಕ್ಕದ್ದು. ಹರಿತಗೊಳಿಸುವುದು, ಬಣ್ಣ ತಿದ್ದುವುದು, ಮಬ್ಬಾದ ಫ್ರೇಮುಗಳನ್ನು ಹಿಡಿಯುವಾಗಲೇ ಎಸೆಯುವುದು ಮುಂತಾದ ಅಲಂಕಾರಗಳನ್ನು ಸೇರಿಸುವ ಆಸೆ ಸಹಜವಾದದ್ದೇ. ಆದರೆ ಅದನ್ನು ತಡೆದುಕೊಂಡು ಬಂದದ್ದನ್ನು ಬಂದಂತೆ ಉಳಿಸುವ ಸಂಯಮವೇ ಶ್ರೇಷ್ಠ.

ಕೆಲಸ ನಡೆಯುವಾಗಿನ ಪರದೆಯನ್ನೊಮ್ಮೆ ನೋಡಿ. ಕಪ್ಪು ಚೌಕದ ನಡುವೆ ಗುರುವಿನ ಬಿಂಬವು ಹಿಗ್ಗುತ್ತ, ಕುಗ್ಗುತ್ತ, ಅಂಚು ಕದಡುತ್ತ ನಡುಗುತ್ತಿರುತ್ತದೆ. ಥಟ್ಟನೆ ಒಂದು ಕ್ಷಣ ಉತ್ತರಪಟ್ಟಿಯ ಕೆಳಗಿನ ನೀಲಿ ಎಳೆಗಳು ಸ್ಫುಟವಾಗಿ ತೋರಿ, ‘ಅಗೋ’ ಎನ್ನುವುದರೊಳಗೆ ಕರಗಿಹೋಗುತ್ತವೆ. ಪಕ್ಕದಲ್ಲಿ ಹಿಸ್ಟೊಗ್ರಾಂ, ಗೇನ್, ಎಕ್ಸ್‌ಪೋಷರ್. ಅವುಗಳ ಕೆಳಗೆ, ಬರೆದ ಫ್ರೇಮುಗಳ ಸಂಖ್ಯೆಯೊಡನೆ, ಕಳೆದುಹೋದ ಫ್ರೇಮುಗಳ ಸಂಖ್ಯೆ. ಆ ಎರಡನೆಯ ಸಂಖ್ಯೆಯನ್ನು ಮರೆಮಾಚದೆ ತೋರಿಸುವ ತಂತ್ರಾಂಶವನ್ನೇ ನಾನು ನಂಬುತ್ತೇನೆ. ವೀಡಿಯೊ ಮುಗಿದ ಮೇಲೆ ಅದರ ಜೊತೆಯಲ್ಲಿಯೇ ಒಂದು ಪುಟ್ಟ ಪಠ್ಯಫೈಲು ಹುಟ್ಟುತ್ತದೆ: ಗ್ರಹ ಯಾವುದು, ಫಿಲ್ಟರ್ ಯಾವುದು, ಆರಂಭ, ಮಧ್ಯ, ಅಂತ್ಯಗಳ ಸಾರ್ವತ್ರಿಕ ಕಾಲ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ.

ಕಾಲವನ್ನು ಇಷ್ಟು ನಿಷ್ಠೆಯಿಂದ ಬರೆದಿಡುವುದಕ್ಕೆ ಕಾರಣವುಂಟು. ಗುರುವು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತದೆ. ಅದರ ಸಮಭಾಜಕದ ಮೇಲಿನ ಮೋಡವು ನಿಮಿಷಕ್ಕೆ ಸುಮಾರು 750 ಕಿಲೋಮೀಟರು ಸರಿಯುತ್ತದೆ. ಎರಡು ನಿಮಿಷದಲ್ಲಿ ಅದು ಬಿಂಬದ ಮಧ್ಯದಲ್ಲಿ ಸುಮಾರು ಅರ್ಧ ವಿಕಲೆಯಷ್ಟು ಚಲಿಸಿರುತ್ತದೆ. ಹದಿನಾಲ್ಕು ಅಂಗುಲದ ದೂರದರ್ಶಕವು ಅದಕ್ಕಿಂತ ಸೂಕ್ಷ್ಮವಾದುದನ್ನು ಬಿಡಿಸಿ ತೋರಿಸಬಲ್ಲದಾದುದರಿಂದ, ದೀರ್ಘವಾದ ವೀಡಿಯೊ ತಾನಾಗಿಯೇ ಮಸುಕಾಗುತ್ತದೆ. ವಿನ್‌ಜುಪೋಸ್ ಎಂಬ ತಂತ್ರಾಂಶವು ಈ ಭ್ರಮಣವನ್ನು ಹಿಂದಕ್ಕೆ ತಿರುಗಿಸಿ ಅನೇಕ ವೀಡಿಯೊಗಳ ಫಲವನ್ನು ಒಂದುಗೂಡಿಸಬಲ್ಲದು. ಆದರೆ ಹಿಡಿದ ಕಾಲ ಸರಿಯಾಗಿ ನಮೂದಾಗಿದ್ದರೆ ಮಾತ್ರ. ಎಸ್‌ಇಆರ್ ಎಂಬ ಮಾದರಿಯ ವೀಡಿಯೊ ಫೈಲಿನ ಕೊನೆಯಲ್ಲಿ ಪ್ರತಿಯೊಂದು ಫ್ರೇಮಿಗೂ ಎಂಟು ಬೈಟಿನ ಕಾಲಮುದ್ರೆಯನ್ನಿಡಲು ಅವಕಾಶವಿರುವುದು ಈ ದೃಷ್ಟಿಯಿಂದ ಬಹಳ ಉಪಕಾರಿ.

ಇದರ ಫಲವನ್ನು ವಿಜ್ಞಾನವು ಉಂಡಿದೆ. 2009ರ ಜುಲೈ 19ರಂದು ಆಸ್ಟ್ರೇಲಿಯದ ಮರಂಬೇಟ್‌ಮನ್ ಗ್ರಾಮದಲ್ಲಿ ಆಂಥನಿ ವೆಸ್ಲಿ ಎಂಬ ಹವ್ಯಾಸಿಯು ಗುರುವಿನ ದಕ್ಷಿಣಧ್ರುವದ ಬಳಿ ಹೊಸದೊಂದು ಕಪ್ಪುಕಲೆಯನ್ನು ಕಂಡನು. ಅದು ಯಾವುದೋ ಆಕಾಶಕಾಯವು ಬಡಿದ ಗುರುತೆಂದು ಹವಾಯಿಯಲ್ಲಿರುವ ನಾಸಾದ ದೂರದರ್ಶಕವು ದೃಢಪಡಿಸಿತು. ಮರುವರ್ಷ ಜೂನ್ 3ರಂದು ಅದೇ ವೆಸ್ಲಿಯ ವೀಡಿಯೊದಲ್ಲಿ ಗುರುವಿನ ಮೇಲೆ ಸುಮಾರು ಎರಡು ಸೆಕೆಂಡು ಕಾಲ ಬೆಳಕೊಂದು ಮಿಂಚಿತು. ಆ ಸುದ್ದಿಯನ್ನು ಕೇಳಿ ಫಿಲಿಪೀನ್ಸಿನ ಸೆಬುವಿನಲ್ಲಿದ್ದ ಕ್ರಿಸ್ಟೊಫರ್ ಗೋ ತನ್ನ ವೀಡಿಯೊವನ್ನು ಪರಿಶೀಲಿಸಿದರೆ, ಅಲ್ಲಿಯೂ ಅದೇ ಬೆಳಕು! ಈ ಎರಡು ಸಾಕ್ಷ್ಯಗಳಿಂದ, ಬಿದ್ದ ಕಾಯವು ಹತ್ತು ಮೀಟರಿನ ಆಸುಪಾಸಿನದೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಮಬ್ಬಾದ ಫ್ರೇಮುಗಳನ್ನು ಹಿಡಿಯುವಾಗಲೇ ಬಿಸುಟಿದ್ದ ಪಕ್ಷದಲ್ಲಿ, ಆ ಬೆಳಕು ಏರಿ ಇಳಿದ ಕ್ರಮವನ್ನು ಅಳೆಯುವುದು ಸಾಧ್ಯವಾಗುತ್ತಿತ್ತೆ?

ಈ ವಿದ್ಯೆಗೆ ನಮ್ಮ ನಾಡು ಅತ್ಯಂತ ಅನುಕೂಲವಾದ ಸ್ಥಾನದಲ್ಲಿದೆ ಎಂಬುದನ್ನು ನಮ್ಮ ತರುಣರು ಗಮನಿಸಬೇಕು. 2019–20ರಲ್ಲಿ ಗುರುವು ಆಕಾಶದ ದಕ್ಷಿಣಭಾಗಕ್ಕೆ ಇಳಿದಿದ್ದಾಗ, 50 ಅಂಶ ಅಕ್ಷಾಂಶದ ಜರ್ಮನ್ ಹವ್ಯಾಸಿಗೆ ಅದು ದಿಗಂತದಿಂದ ಸುಮಾರು 18 ಅಂಶಕ್ಕಿಂತ ಹೆಚ್ಚು ಮೇಲೇರಲಿಲ್ಲ. 13 ಅಂಶದ ಬೆಂಗಳೂರಿನಲ್ಲಿ 54 ಅಂಶದಷ್ಟು ಎತ್ತರದಲ್ಲಿ, ಎಷ್ಟೋ ತೆಳುವಾದ ಗಾಳಿಯ ಮೂಲಕ ಬೆಳಗುತ್ತಿತ್ತು. ತಂತ್ರಾಂಶ ಬರೆಯಬಲ್ಲ ಕೈಗಳಿಗಂತೂ ಇಲ್ಲಿ ಕೊರತೆಯಿಲ್ಲ. ಕ್ಯಾಮೆರಾ ತಯಾರಕರು, ಕ್ಯಾಮೆರಾವನ್ನು ನಮ್ಮ ತಂತ್ರಾಂಶದಿಂದ ನಡೆಸಲು ಬೇಕಾದ ತಮ್ಮ ಎಸ್‌ಡಿಕೆಗಳನ್ನು ಉಚಿತವಾಗಿ ಕೊಡುತ್ತಾರೆ. ಲಿನಕ್ಸ್‌ಗಾಗಿ ಓಎಕ್ಯಾಪ್ಚರ್‌ನಂತಹ ಮುಕ್ತ ತಂತ್ರಾಂಶದ ಮೂಲಸಂಕೇತವು ಓದಿ ಕಲಿಯಲು ತೆರೆದೇ ಇದೆ. ಇಂಜಿನಿಯರಿಂಗ್ ಓದುತ್ತಿರುವ ನಾಲ್ಕಾರು ಮಂದಿ ಕೂಡಿ ಒಂದು ಸಣ್ಣ ಗ್ರಹಕ್ಯಾಮೆರಾವನ್ನು ಕೊಂಡು, ಪಡೆಯುವ ಥ್ರೆಡ್ಡು, ಬಫರು, ಬರೆಯುವ ಥ್ರೆಡ್ಡು, ಇಷ್ಟನ್ನೇ ಮೊದಲು ತಾವಾಗಿ ಬರೆದುನೋಡಲಿ. ಚಂದ್ರನ ಮೇಲೆ ಪರೀಕ್ಷಿಸಿ, ಎರಡು ನಿಮಿಷದಲ್ಲಿ ಒಂದು ಫ್ರೇಮೂ ಕಳೆಯುವುದಿಲ್ಲವೆಂದು ಖಚಿತವಾದ ಮೇಲೆ ದೂರದರ್ಶಕವನ್ನು ಗುರುವಿನ ಕಡೆಗೆ ತಿರುಗಿಸಲಿ.