ಕಂಪ್ಯೂಟರಿಗೆ ವಿಳಾಸ ತಪ್ಪಿದಾಗ

ಸ್ವಸಹಾಯ ಸಂಘದ ಅಕ್ಕಂದಿರು ಬೆಳಗಿನ ಬಸ್ಸಿಗೇ ಬಂದು ಕಾಯುತ್ತಿದ್ದರು. ಸಾಲದ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಲು ಅಂದೇ ಕೊನೆಯ ದಿನ. ನಮ್ಮ ಕಚೇರಿಯ ಆರು ಕಂಪ್ಯೂಟರುಗಳಲ್ಲಿ ನಾಲ್ಕಕ್ಕೆ ಇಂಟರ್‌ನೆಟ್ ಇರಲಿಲ್ಲ. "ಲೈನೇ ಹೋಗಿದೆ" ಅಂದುಕೊಂಡೆವು. ಲೈನ್ ಹೋಗಿದ್ದರೆ ಉಳಿದೆರಡು ಹೇಗೆ ನಡೆಯುತ್ತವೆ ಎಂದು ಯಾರೂ ಯೋಚಿಸಲಿಲ್ಲ.

ಪ್ರತಿ ಕಂಪ್ಯೂಟರಿಗೂ ಮನೆ ನಂಬರಿನಂಥ ಒಂದು ಐಪಿ ವಿಳಾಸ ಬೇಕು. ಸಣ್ಣ ಕಚೇರಿಗಳಲ್ಲಿ ಅದನ್ನು ಸಾಮಾನ್ಯವಾಗಿ ರೌಟರೇ ಹಂಚುತ್ತದೆ. ಈ ಏರ್ಪಾಡಿಗೆ ಡಿಎಚ್‌ಸಿಪಿ ಎನ್ನುತ್ತಾರೆ. ಕೊಡುವುದು ಕಾಯಂ ಅಲ್ಲ, ಬಾಡಿಗೆ ಲೆಕ್ಕ. ಅವಧಿ ಮುಗಿಯುವ ಮುಂಚೆ ಕಂಪ್ಯೂಟರು ಮತ್ತೆ ಕೇಳಿಕೊಳ್ಳುತ್ತದೆ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ 'ಐಪಿಕಾನ್ಫಿಗ್' ಎಂದು ಟೈಪ್ ಮಾಡಿದರೆ ವಿಳಾಸ ಕಾಣುತ್ತದೆ. ಅದು 169.254ರಿಂದ ಶುರುವಾದರೆ ರೌಟರಿನ ಉತ್ತರವೇ ಬಂದಿಲ್ಲ, ಕಂಪ್ಯೂಟರು ತಾನೇ ಒಂದು ನಂಬರು ಹಾಕಿಕೊಂಡಿದೆ ಎಂದರ್ಥ. ಆಗ ಕೇಬಲ್, ಸ್ವಿಚ್ ನೋಡಿ. ಇಲಿ ಕಡಿದಿರುವುದೂ ಉಂಟು!

ನಮ್ಮ ತೊಂದರೆ ಬೇರೆ. ಸರಿಯಿದ್ದ ಎರಡರ ವಿಳಾಸ 192.168.1ರಿಂದ, ಉಳಿದವುಗಳದ್ದು 192.168.0ರಿಂದ ಶುರುವಾಗಿತ್ತು. ಹುಡುಕಿದರೆ, ಸಭಾಂಗಣಕ್ಕೆ ವೈಫೈ ಸಿಗಲೆಂದು ಹಿಂದಿನ ಸಂಜೆ ನಾವೇ ಸಿಕ್ಕಿಸಿದ್ದ ಹಳೇ ರೌಟರು! ಅದೂ ವಿಳಾಸ ಹಂಚುತ್ತಿತ್ತು. ಒಂದೇ ಮನೆಗೆ ಇಬ್ಬರು ಯಜಮಾನರು. ಯಾರು ಮೊದಲು ಉತ್ತರಿಸಿದರೋ ಅವರ ವಿಳಾಸ. ಆದರೆ ಹಳೆಯದಕ್ಕೆ ಹೊರಗಿನ ದಾರಿಯೇ ಇರಲಿಲ್ಲ.

ಅದನ್ನು ಕಿತ್ತು ನಾಲ್ಕನ್ನೂ ರೀಸ್ಟಾರ್ಟ್ ಮಾಡಿದೆವು. ಅರ್ಜಿಗಳು ಸಂಜೆಯೊಳಗೆ ಹೋದವು. ಆಮೇಲೆ ಹಳೇ ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ 192.168.1ರ ಸಾಲಿನಲ್ಲೇ ಯಾರಿಗೂ ಕೊಡದ ನಂಬರು ಕೊಟ್ಟು, ಮತ್ತೆ ಸಭಾಂಗಣಕ್ಕೆ ಹಾಕಿದೆವು. ಕೇಳದೆ ಯಾವ ಪೆಟ್ಟಿಗೆಯನ್ನೂ ಸಿಕ್ಕಿಸಬಾರದೆಂದು ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದ್ದೇವೆ. ಅದು ಮುಖ್ಯವಾಗಿ ನಮಗೇ.